ವೈಪ್ ಅಂದರೂ ಒರೆಸೋದು, ಮಾಪ್ ಅಂದರೂ ಒರೆಸೋದು. ಹಾಗಾದರೆ ವ್ಯತ್ಯಾಸ ಏನು?

ಪ್ರಶ್ನೆ: ಹೋದ ತಿಂಗಳು ಒಂದು ಆಸ್ಪತ್ರೆಯಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಸೇರಿದೆ. ಓದಿದ್ದು ಹತ್ತನೇ ತರಗತಿ. ಗೋಡೆ ಮೇಲಿನ ಚಾರ್ಟ್‌ನಲ್ಲಿ ಸ್ವೀಪ್, ಡಸ್ಟ್, ಮಾಪ್, ವೈಪ್, ಸ್ಕ್ರಬ್, ರಿನ್ಸ್, ಡಿಸ್‌ಇನ್‌ಫೆಕ್ಟ್ ಅಂತ ಇದೆ. ಎಲ್ಲಾ ಕ್ಲೀನ್ ಮಾಡೋದೇ ಅಲ್ವಾ ಅಂತ ನೆಲದ ಬಟ್ಟೆಯಲ್ಲೇ ಮಂಚದ ಕಂಬಿ ಒರೆಸಿ ಬೈಸಿಕೊಂಡೆ. ತಿಳಿಸಿ ಮೇಡಂ.
ಓದುಗರೊಬ್ಬರು, ದಾವಣಗೆರೆ

ಉತ್ತರ: ತಂಗಿ, ಇವೆಲ್ಲ ನಿಮ್ಮ ಕೈಗೆ ಗೊತ್ತಿರುವ ಕೆಲಸಗಳೇ. ಹೆಸರಷ್ಟೇ ಹೊಸದು.

ಸ್ವೀಪ್ ಅಂದರೆ ನಮ್ಮ ಕಡೆ ಹೇಳುವ ಕಸ ಹೊಡೆಯುವುದು. ಡಸ್ಟ್ ಅಂದರೆ ಧೂಳು. ಕೆಲಸದ ಚಾರ್ಟ್‌ನಲ್ಲಿ ಬಂದರೆ ಧೂಳು ತೆಗೆಯುವುದು. ಮಂಡಕ್ಕಿ ಭಟ್ಟಿ ಹತ್ತಿರ ಮನೆ ಇರುವವರು ಕಿಟಕಿ ಮೇಲೆ ಕೂತ ಮಸಿಯನ್ನು ಬಟ್ಟೆಯಲ್ಲಿ ತೆಗೆಯುತ್ತಾರಲ್ಲ, ಹಾಗೆ. ಆದರೆ ರೋಗಿಗಳಿರುವ ಕಡೆ ಝಾಡಿಸಬೇಡಿ, ಧೂಳು ಗಾಳಿಗೆ ಏಳುತ್ತದೆ. ಬಟ್ಟೆ ಒದ್ದೆ ಮಾಡಿಕೊಳ್ಳಿ, ಮೇಲಿನಿಂದ ಕೆಳಗೆ ಬನ್ನಿ.

ನೀವು ಬೈಸಿಕೊಂಡದ್ದು ಮಾಪ್ ಮತ್ತು ವೈಪ್‌ನಲ್ಲಿ. ಕನ್ನಡದಲ್ಲಿ ಎರಡಕ್ಕೂ ಒರೆಸು ಅಂತೀವಿ, ಗೊಂದಲ ಸಹಜ. ಮಾಪ್ ಉದ್ದ ಕೋಲಿನದು, ನೆಲಕ್ಕೆ ಮಾತ್ರ. ವೈಪ್ ಕೈಬಟ್ಟೆಯದು: ಮಂಚದ ಕಂಬಿ, ಮೇಜು, ಸ್ವಿಚ್ಚು, ಬಾಗಿಲ ಹಿಡಿ. ನೆಲದ ಬಟ್ಟೆ ಮಂಚಕ್ಕೆ ಹೋದರೆ ನೆಲದ ಕೊಳೆ ರೋಗಿಯ ಕೈಗೆ ಹೋದಂತೆ.

ಸ್ಕ್ರಬ್ ಅಂದರೆ ತಿಕ್ಕುವುದು. ತಳ ಹತ್ತಿದ ಪಾತ್ರೆಗೆ ನಾರು ಹಿಡಿದು ಬಲ ಹಾಕಿ ತಿಕ್ಕುತ್ತೇವಲ್ಲ, ಅದು.

ರಿನ್ಸ್ ನನಗೆ ಬಹಳ ಇಷ್ಟದ ಪದ. ಬಟ್ಟೆ ಜಾಲಿಸು, ಪಾತ್ರೆ ಗಲಬರಿಸು, ಬಾಯಿ ಮುಕ್ಕಳಿಸು. ನಮ್ಮ ಈ ಮೂರಕ್ಕೂ ಇಂಗ್ಲಿಷಿನಲ್ಲಿ ರಿನ್ಸ್ ಒಂದೇ. ಶಾಲೆಯಲ್ಲಿ ಪಾಠ ಮಾಡುವಾಗ ಇದಕ್ಕೆ ತೊಳೆ ಅಂತ ಅರ್ಥ ಹೇಳಿದರೆ ಮಕ್ಕಳು ವಾಷ್ ಜೊತೆ ಬೆರೆಸಿಬಿಡುತ್ತಿದ್ದರು. ಒಂದು ದಿನ ಸೋಪು ಹಚ್ಚಿದ ಕರ್ಚೀಫನ್ನು ಬಕೆಟ್ಟಿನಲ್ಲಿ ಅದ್ದಿ ಅದ್ದಿ ತೆಗೆದೆ. ನೊರೆ ಬಿಡುತ್ತಾ ಬಂತು. ಹಿಂದಿನ ಬೆಂಚಿನ ಹುಡುಗಿ "ಜಾಲಿಸೋದು ಮಿಸ್!" ಅಂದಳು. ಆಮೇಲೆ ಯಾರೂ ತಪ್ಪಲಿಲ್ಲ.

ಡಿಸ್‌ಇನ್‌ಫೆಕ್ಟ್ ಅಂದರೆ ರೋಗಾಣು ಸಾಯಿಸುವುದು. ಮೊದಲು ಕೊಳೆ ಹೋಗಬೇಕು, ಆಮೇಲೆ ಔಷಧಿ. ಕೊಳೆ ಮೇಲೆ ಹಾಕಿದರೆ ಔಷಧಿಯ ಬಲ ಕಡಿಮೆಯಾಗುತ್ತದೆ. ಹಚ್ಚಿದ ತಕ್ಷಣ ಒಣಗಿಸಬೇಡಿ. ಡಬ್ಬದ ಮೇಲೆ ಎಷ್ಟು ನಿಮಿಷ ಅಂತ ಇರುತ್ತದೋ ಅಷ್ಟು ಹೊತ್ತು ಜಾಗ ಒದ್ದೆಯಾಗಿಯೇ ಇರಬೇಕು.

ನೀವು ಕೇಳದ ಒಂದು ಪದ ಹೇಳಲೇಬೇಕು: ಮಿಕ್ಸ್. ಡಬ್ಬದ ಮೇಲೆ ಡು ನಾಟ್ ಮಿಕ್ಸ್ ಅಂತಿದ್ದರೆ ಬೇರೆ ಏನನ್ನೂ ಬೆರೆಸಬಾರದು. ಒಮ್ಮೆ ನಾನು ಬಚ್ಚಲಿಗೆ ಬ್ಲೀಚಿಂಗ್ ಪೌಡರ್ ಉದುರಿಸಿ, ಬೇಗ ಬೆಳ್ಳಗಾಗಲಿ ಅಂತ ಮೇಲೆ ಆಸಿಡ್ ಸುರಿದೆ. ಗಂಟಲು ಕಟ್ಟಿತು, ಕಣ್ಣು ಉರಿಯಿತು. ಅಂಗಳಕ್ಕೆ ಓಡಿ ಬಂದು ಕೂತವಳಿಗೆ ಸಂಜೆವರೆಗೂ ಕೆಮ್ಮು ನಿಲ್ಲಲಿಲ್ಲ. ಅವೆರಡು ಸೇರಿದರೆ ಏಳುವುದು ಕ್ಲೋರಿನ್. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಸೈನಿಕರ ಮೇಲೆ ಬಿಟ್ಟ ವಿಷಗಾಳಿ ಅದೇ.

ಇನ್ನು ಡೈಲ್ಯೂಟ್ ಅಂದರೆ ನೀರು ಬೆರೆಸಿ ತೆಳು ಮಾಡುವುದು. ಎಷ್ಟು ನೀರಿಗೆ ಎಷ್ಟು ಔಷಧಿ ಅಂತ ಸೂಪರ್‌ವೈಸರ್ ಹತ್ತಿರ ಕೇಳಿ, ಆ ಚಾರ್ಟ್ ಪಕ್ಕದಲ್ಲೇ ಕನ್ನಡದಲ್ಲಿ ದಪ್ಪಗೆ ಬರೆದು ಅಂಟಿಸಿ. ನಿಮ್ಮ ಜೊತೆ ಕೆಲಸ ಮಾಡುವವರಿಗೂ ಬೇಕಾಗುತ್ತದೆ.