ಕಡಲಿಗೆ ಇಳಿಯಲಾಗದ ತಂಡೇಲ: ಒಂದು ಆಪ್ತಸಲಹೆ ಪ್ರಕರಣ

ಉಡುಪಿ ಜಿಲ್ಲೆಯ ಸಣ್ಣದೊಂದು ಮೀನುಗಾರರ ಊರಿನಿಂದ 46 ವರ್ಷದ ಗಂಡಸೊಬ್ಬರನ್ನು ಅವರ ಹೆಂಡತಿ ನನ್ನ ಬಳಿಗೆ ಕರೆತಂದದ್ದು ಆಗಸ್ಟ್ ತಿಂಗಳ ಕೊನೆಯ ವಾರದಲ್ಲಿ. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಊರಿನವರು ಅವರನ್ನು ತಂಡೇಲರೆಂದೇ ಕರೆಯುವುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ತಂಡೇಲನೆಂದರೆ ಬೋಟಿನ ಚುಕ್ಕಾಣಿ ಹಿಡಿಯುವವನಷ್ಟೇ ಅಲ್ಲ, ಅದರ ಮೇಲಿರುವ ಅಷ್ಟೂ ಜೀವಗಳ ಹೊಣೆ ಅವನದು. ಇದನ್ನು ಮರೆತರೆ ಈ ಪ್ರಕರಣ ಅರ್ಥವಾಗುವುದಿಲ್ಲ.

ಹದಿನೇಳನೆಯ ವಯಸ್ಸಿನಲ್ಲಿ ಕಲಾಸಿಯಾಗಿ, ಅಂದರೆ ಬೋಟಿನ ಕೆಲಸಗಾರನಾಗಿ, ಬೋಟು ಹತ್ತಿದ ಅವರು, ಕಳೆದ 12 ವರ್ಷಗಳಿಂದ ಬೇರೊಬ್ಬರ ಆಳಸಮುದ್ರ ಟ್ರಾಲ್ ಬೋಟಿನಲ್ಲಿ ತಂಡೇಲರಾಗಿದ್ದರು. ಮಂಜುಗಡ್ಡೆ, ಡೀಸೆಲ್, ಅಕ್ಕಿ ತುಂಬಿಸಿಕೊಂಡು ಹೊರಟರೆ ಮರಳುವುದು ಎಂಟು ಹತ್ತು ದಿನಗಳ ಮೇಲೆ. ಮನೆಯಲ್ಲಿ ಎರಡು ದಿನ ಕಳೆದು ಮತ್ತೆ ಕಡಲಿಗೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಷ್ಟೇ ಅವರು ನಿಜವಾಗಿ ಮನೆಯಲ್ಲಿರುತ್ತಿದ್ದದ್ದು. ಆ ವರ್ಷ ನಿಷೇಧ ಮುಗಿದು ಬೋಟುಗಳೆಲ್ಲ ಹೊರಟರೂ ಇವರು ಹೋಗಲಿಲ್ಲ. ಬೆಳಗಿನಿಂದಲೇ ಕುಡಿಯತೊಡಗಿದ್ದರು. "ಮೇಡಂ, ಕುಡಿಯುವುದೊಂದನ್ನು ಬಿಡಿಸಿ ಕೊಡಿ, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ" ಎಂದರು, ಬುಟ್ಟಿ ಹೊತ್ತು ಮೀನು ಮಾರಿ ಮನೆ ನಡೆಸುತ್ತಿದ್ದ ಆ ಹೆಂಗಸು.

ಮೊದಲ ಭೇಟಿಯಲ್ಲಿ ಅವರು ಹೆಚ್ಚು ಮಾತನಾಡಲಿಲ್ಲ. ಮೇಜಿನ ಮೇಲಿದ್ದ ಸಣ್ಣ ದಾರವನ್ನು ಎತ್ತಿಕೊಂಡು ಬಲೆಯ ಕಣ್ಣಿಗೆ ಹಾಕುವ ಗಂಟನ್ನು ಹಾಕುತ್ತ, ಬಿಚ್ಚುತ್ತ ಕುಳಿತರು. ಬೆರಳುಗಳು ನಡುಗುತ್ತಿದ್ದರೂ ಗಂಟು ಒಮ್ಮೆಯೂ ತಪ್ಪಲಿಲ್ಲ. ನಿದ್ರೆಯ ಬಗ್ಗೆ ಕೇಳಿದಾಗ ಮಾತ್ರ ತಲೆಯೆತ್ತಿ, "ಕಣ್ ಮುಚ್ಚಿರೆ ಸಾಕ್, ಅಂವ ಕರೀತ" ಎಂದರು.

ಹಿಂದಿನ ನವೆಂಬರಿನ ಒಂದು ರಾತ್ರಿ, ಬಲೆ ಎಳೆಯುವ ಹೊತ್ತಿನಲ್ಲಿ, ಒಡಿಶಾದಿಂದ ದುಡಿಯಲು ಬಂದಿದ್ದ 22 ವರ್ಷದ ಹುಡುಗನೊಬ್ಬ ಕಾಲು ಜಾರಿ ನೀರಿಗೆ ಬಿದ್ದಿದ್ದ. ತಂಡೇಲರು ಎಂಜಿನ್ ನಿಲ್ಲಿಸಿದರು, ದೀಪ ಹಾಯಿಸಿದರು, ವೈರ್‌ಲೆಸ್‌ನಲ್ಲಿ ಸುತ್ತಲಿನ ಬೋಟುಗಳನ್ನು ಕರೆದರು, ಬೆಳಕು ಹರಿಯುವವರೆಗೂ ಹುಡುಕಿದರು. ಹುಡುಗ ಸಿಗಲಿಲ್ಲ, ಶವವೂ ಸಿಗಲಿಲ್ಲ. ಪೊಲೀಸರಿಗೆ ಹೇಳಿಕೆ ಕೊಟ್ಟು ಹದಿನೈದು ದಿನಗಳಲ್ಲಿ ಅದೇ ಬೋಟಿಗೆ ಹತ್ತಿದ ಅವರು ಮೇ ಕೊನೆಯವರೆಗೂ ದುಡಿದರು. ಕೆಲಸದ ಗದ್ದಲದಲ್ಲಿ ಅದುಮಿಟ್ಟದ್ದೆಲ್ಲ ಜೂನ್ ತಿಂಗಳ ಬಿಡುವಿನಲ್ಲಿ ಮೇಲೆದ್ದಿತು. ನಿದ್ರೆಗೆಂದು ಹಿಡಿದ ಕುಡಿತ ಚಟವಾಗಿ ಬೆಳೆದಿತ್ತು.

ಮನೆಯವರಿಗೆ ನಾನು ಮೊದಲು ಹೇಳಿದ ಮಾತು ಅವರಿಗೆ ವಿಚಿತ್ರವೆನಿಸಿತು: ಇವತ್ತೇ ಕುಡಿತ ಬಿಡಿಸಬೇಡಿ. ತಿಂಗಳುಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ದೇವರ ಮುಂದೆ ಆಣೆ ಹಾಕಿಸಿ ಮನೆಯಲ್ಲಿ ಕೂಡಿಹಾಕುವ ಪದ್ಧತಿಯನ್ನು ನಾನು ಅನೇಕ ಕಡೆ ಕಂಡಿರುವುದರಿಂದ ಇದನ್ನು ಒತ್ತಿ ಹೇಳುತ್ತೇನೆ. ಮನೋವೈದ್ಯರ ನಿಗಾದಲ್ಲಿ ಅವರನ್ನು ಆಸ್ಪತ್ರೆಗೆ ಸೇರಿಸಿ, ಔಷಧಿಯ ಆಸರೆಯಲ್ಲಿ ಕುಡಿತ ಬಿಡಿಸಲಾಯಿತು. ಸಾಯುವ ಯೋಚನೆ ಬರುತ್ತದೆಯೇ ಎಂದು ನಾನು ನೇರವಾಗಿಯೇ ಕೇಳಿದೆ. ಒಂದೆರಡು ಬಾರಿ ಬಂದಿತ್ತೆಂದು ಒಪ್ಪಿಕೊಂಡರು. ಅಂಥ ರಾತ್ರಿ ಹೆಂಡತಿಯನ್ನು ಎಬ್ಬಿಸಬೇಕು, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು ಎಂದು ಗೊತ್ತುಮಾಡಿಕೊಂಡೆವು.

"ನಿಮ್ಮ ತಪ್ಪಿಲ್ಲ ಬಿಡಿ" ಎಂದು ಊರೆಲ್ಲ ಹೇಳಿತ್ತು. ಆ ಮಾತು ಅವರಿಗೆ ತಟ್ಟಿರಲಿಲ್ಲ, ಏಕೆಂದರೆ ಆ ರಾತ್ರಿ ಏನಾಯಿತೆಂದು ಪೂರ್ತಿಯಾಗಿ ಕೇಳಿದವರು ಯಾರೂ ಇರಲಿಲ್ಲ. ಮೂರು ಭೇಟಿಗಳಲ್ಲಿ ನಾವು ಆ ರಾತ್ರಿಯನ್ನು ಮೊದಲಿನಿಂದ ಕೊನೆಯವರೆಗೆ, ನಿಮಿಷ ನಿಮಿಷವಾಗಿ ಹೇಳಿಕೊಂಡೆವು. ಆಗ ಅವರಿಗೆ ಗೊತ್ತಿದ್ದದ್ದು ಯಾವುದು, ಈಗ ಗೊತ್ತಾಗಿರುವುದು ಯಾವುದು ಎಂದು ಬೇರ್ಪಡಿಸಿದೆವು. ಲೈಫ್ ಜಾಕೆಟ್ ಹಾಕಿಕೊಳ್ಳುವಂತೆ ತಾನು ಹುಡುಗನಿಗೆ ಒತ್ತಾಯಿಸಲಿಲ್ಲ ಎಂಬುದನ್ನು ಅವರು ಆಗಲೇ ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದ್ದು. ಅದನ್ನು ನಾನು ಅಲ್ಲಗಳೆಯಲಿಲ್ಲ. ಆ ಲೋಪ ನಿಜ, ಅದರ ನೋವೂ ನಿಜ. ಆದರೆ ಹುಡುಕಾಟದಲ್ಲಿ ಅವರು ಮಾಡದೆ ಬಿಟ್ಟದ್ದು ಏನೂ ಇರಲಿಲ್ಲ ಎಂಬುದೂ ಅಷ್ಟೇ ನಿಜವೆಂದು ಅವರೇ ಎಣಿಸಿ ಕಂಡುಕೊಂಡರು.

ಕೆಲಸದ ವಿಷಯದಲ್ಲಿ ನಾನು ಕೊಟ್ಟ ಸಲಹೆ ಮೆಟ್ಟಿಲು ಮೆಟ್ಟಿಲಾಗಿ ಇತ್ತು. ಮೊದಲು ಬಂದರಿಗೆ ಹೋಗಿ ಕುಳಿತು ಬರುವುದು, ಬಳಿಕ ಕಟ್ಟಿದ ಬೋಟಿನ ಮೇಲೆ ಬಲೆ ರಿಪೇರಿ ಮಾಡುವುದು, ಆಮೇಲೆ ಭಾವನ ನಾಡದೋಣಿಯಲ್ಲಿ ಬೆಳಿಗ್ಗೆ ಹೋಗಿ ಮಧ್ಯಾಹ್ನದೊಳಗೆ ದಡ ಸೇರುವುದು. ರಾತ್ರಿಯ ಕಡಲು ಸದ್ಯಕ್ಕೆ ಬೇಡ. ಸಂಪಾದನೆ ಕಡಿಮೆಯೆಂದು ಅವರು ಅಳುಕಿದರು. ಈ ವರ್ಷ ಅದನ್ನು ಲೆಕ್ಕ ಹಾಕಬೇಡಿ ಎಂದು ಹೆಂಡತಿಯೇ ಹೇಳಿದರು.

ಹುಡುಗನ ಮನೆಗೆ ಫೋನ್ ಮಾಡುವ ಮಾತನ್ನು ಎತ್ತಿದ್ದು ಅವರೇ. ಶವ ಸಿಗದಿದ್ದರೆ ಸಾವನ್ನು ಸಾಬೀತುಪಡಿಸುವುದು ಕಷ್ಟ. ಬೇರೆ ಪುರಾವೆ ಇಲ್ಲದಿದ್ದಾಗ 7 ವರ್ಷ ಸುಳಿವಿಲ್ಲದವರನ್ನಷ್ಟೇ ಕಾನೂನು ಮೃತರೆಂದು ಭಾವಿಸುತ್ತದೆ. ಹಾಗಾಗಿ ಹುಡುಗನ ಮನೆಯವರ ಪರಿಹಾರದ ಅರ್ಜಿಗೆ ಕಣ್ಣಾರೆ ಕಂಡ ತಂಡೇಲನ ಹೇಳಿಕೆಗೆ ಬೆಲೆಯಿದೆ ಎಂದು ನಾನು ತಿಳಿಸಿದೆ. ಒಡಿಯಾ ಬಲ್ಲ ಇನ್ನೊಬ್ಬ ಕಲಾಸಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರು ಕರೆ ಮಾಡಿದರು. ಬೈಗುಳಕ್ಕೆ ಸಿದ್ಧರಾಗಿದ್ದರು. ಹುಡುಗನ ತಂದೆ ಕೇಳಿದ್ದು ಒಂದೇ ಮಾತು, ಆ ರಾತ್ರಿ ಮಗ ಉಂಡಿದ್ದನೇ ಎಂದು. ಉಂಡಿದ್ದ, ಬಂಗುಡೆ ಸಾರು, ಅನ್ನ, ನಾನೇ ಬಡಿಸಿದ್ದೆ ಎಂದು ಇವರು ಹೇಳಿದರು.

ಹನ್ನೊಂದನೆಯ ಭೇಟಿಯ ಹೊತ್ತಿಗೆ ಅವರಿಗೆ ಐದು ಗಂಟೆ ನಿದ್ರೆ ಬರುತ್ತಿತ್ತು. ನಡುವೆ ಎರಡು ಸಲ ಕುಡಿದಿದ್ದರು, ಎರಡು ಸಲವೂ ತಾವೇ ಬಂದು ತಿಳಿಸಿದರು. ಭಾವನ ನಾಡದೋಣಿಗೆ ಲೈಫ್ ಜಾಕೆಟ್ಟುಗಳನ್ನು ತರಿಸಿದ್ದಾರೆ. ಹಾಕಿಕೊಳ್ಳದವರನ್ನು ದೋಣಿಗೆ ಹತ್ತಿಸುವುದಿಲ್ಲ. ಪರಿಹಾರದ ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ, ಭೇಟಿಗಳು ಮುಂದುವರಿದಿವೆ.