ಪ್ಯೂಜೆಟ್ ಸೌಂಡ್ ದಂಡೆಯ ಮನೆಗೆ ಕಲ್ಲಿನ ತಡೆಗೋಡೆ ಕಟ್ಟಿಸಬಹುದಾ?

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಪ್ಯೂಜೆಟ್ ಸೌಂಡ್ ಎಂಬ ಒಳಚಾಚಿದ ಕಡಲಿನ ದಂಡೆಯಲ್ಲಿ ಮನೆ ತಗೊಂಡಿದ್ದೀರಿ, ದಿಬ್ಬ ಕುಸಿಯುತ್ತಿದೆ, ತಡೆಗೋಡೆ ಕಟ್ಟಿಸೋಣ ಅಂದರೆ ಸಣ್ಣ ಮೀನಿನ ಮೊಟ್ಟೆ ಇರುತ್ತದೆ ಅಂತ ತಕರಾರು ಬಂದಿದೆ, ಅದು ನಿಜಾನಾ ಅಂತ ಕೇಳಿದ್ದೀರಿ. ನಿಜ. ಆ ಮೊಟ್ಟೆ ಹುಡುಕುವ ಸರ್ವೇಗೆ ನಾನು ಹೋಗುತ್ತಿರುತ್ತೇನೆ.

ನಮ್ಮ ಬೂತಾಯಿ ಮೊಟ್ಟೆ ಬಿಡುವುದು ಕಡಲ ನೀರಿನಲ್ಲಿ. ಇಲ್ಲಿನ ಸರ್ಫ್ ಸ್ಮೆಲ್ಟ್, ಸ್ಯಾಂಡ್ ಲ್ಯಾನ್ಸ್ ಎಂಬ ಸಣ್ಣ ಮೀನುಗಳು ಹಾಗಲ್ಲ. ಉಬ್ಬರ ಏರಿದಾಗ ದಂಡೆಯ ಮೇಲ್ಭಾಗಕ್ಕೇ ಬಂದು ಮರಳು, ಸಣ್ಣ ಜಲ್ಲಿಯಲ್ಲಿ ಮೊಟ್ಟೆ ಇಟ್ಟು ಹೋಗುತ್ತವೆ. ಒಂದು ಮಿಲಿಮೀಟರ್ ಆಸುಪಾಸು ಗಾತ್ರ, ಮರಳು ಬೇರೆ ಅಂಟಿಕೊಂಡಿರುತ್ತದೆ, ಸುಮ್ನೆ ನಡೆದು ಹೋಗುವವರಿಗೆ ಗೊತ್ತೇ ಆಗುವುದಿಲ್ಲ. ನಾವು ಮರಳನ್ನು ಜರಡಿ ಹಿಡಿದು, ಬೇಸಿನ್‌ಗೆ ನೀರು ಹಾಕಿ, ಅಕ್ಕಿ ಗಾಳಿಸಿದ ಹಾಗೆ ತಿರುಗಿಸುತ್ತೇವೆ. ಹಗುರವಾದದ್ದು ಮೇಲೆ ಬರುತ್ತದೆ. ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ದಿನ ತುಂಬುತ್ತಾ ಬಂದ ಮೊಟ್ಟೆಯೊಳಗೆ ಸುರುಳಿ ಸುತ್ತಿದ ಮರಿ, ಅದರ ಕಪ್ಪು ಕಣ್ಣು ಎಲ್ಲ ಕಾಣುತ್ತದೆ.

ಗೋಡೆ ಬಂದು ಕೂರುವುದು ಎಷ್ಟೋ ಸಲ ಮೊಟ್ಟೆ ಇಡುವ ಇದೇ ಜಾಗದ ಮೇಲೆ. ಇನ್ನೊಂದು ಪೆಟ್ಟು ನಿಧಾನವಾಗಿ ಬೀಳುತ್ತದೆ: ನೀವು ನಿಲ್ಲಿಸಬೇಕು ಅಂತಿರುವ ಕುಸಿತದಿಂದಲೇ ದಂಡೆಗೆ ಹೊಸ ಮರಳು ಸಿಗುವುದು, ಗೋಡೆ ಅದನ್ನು ತಡೆಯುತ್ತದೆ, ಗೋಡೆಗೆ ಬಡಿದ ಅಲೆ ಇರುವ ಮರಳನ್ನೂ ಎಳೆದುಕೊಂಡು ಹೋಗುತ್ತದೆ, ಕೊನೆಗೆ ಉಳಿಯುವುದು ದಪ್ಪ ಕಲ್ಲು. ಪ್ಯೂಜೆಟ್ ಸೌಂಡ್ ದಂಡೆಯಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಈಗಾಗಲೇ ಗೋಡೆಯೇ. ಈ ಸಣ್ಣ ಮೀನುಗಳನ್ನು ಚಿನೂಕ್ ಸಾಲ್ಮನ್ ಎಂಬ ದೊಡ್ಡ ಮೀನು ತಿನ್ನುತ್ತದೆ. ಚಿನೂಕನ್ನೇ ನಂಬಿಕೊಂಡಿರುವ ಇಲ್ಲಿನ ಓರ್ಕಾಗಳು (ಕಪ್ಪು ಬಿಳುಪಿನ ‘ಕಿಲ್ಲರ್ ವೇಲ್’) 2005ರಿಂದ ಅಳಿವಿನಂಚಿನ ಪಟ್ಟಿಯಲ್ಲಿವೆ. ಸಣ್ಣ ಮೀನು ತಾನೇ ಅಂತ ದಯವಿಟ್ಟು ಅನ್ನಬೇಡಿ.

ದಿಬ್ಬ ಯಾಕೆ ಕುಸಿಯುತ್ತಿದೆ ಅಂತ ಮೊದಲು ತಿಳಿದವರಿಗೆ ತೋರಿಸಿ. ಎಷ್ಟೋ ಕಡೆ ಕಾರಣ ಅಲೆಯಲ್ಲ, ಮೇಲಿನಿಂದ ಇಳಿಯುವ ನೀರು. ಚಾವಣಿ ನೀರನ್ನು ದಿಬ್ಬದ ಅಂಚಿಗೆ ಬಿಟ್ಟಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಸಮುದ್ರ ಚೆನ್ನಾಗಿ ಕಾಣಲಿ ಅಂತ ದಂಡೆ ಕಡೆ ಬಾಗಿದ ಮರ ಮಾತ್ರ ಕಡಿಸಬೇಡಿ, ಬೇಸಿಗೆಯಲ್ಲಿ ಇಟ್ಟ ಸ್ಮೆಲ್ಟ್ ಮೊಟ್ಟೆಗಳು ನೆರಳಿಲ್ಲದಿದ್ದರೆ ಬಿಸಿಗೆ ಒಣಗಿ ತುಂಬಾ ಸಾಯುತ್ತವೆ.

ಬ್ಯೂರಿಯನ್ ಊರಿನ ಸೀಹರ್ಸ್ಟ್ ಪಾರ್ಕಿಗೂ ಒಮ್ಮೆ ಹೋಗಿ ಬನ್ನಿ. ಅಲ್ಲಿ ಹಳೇ ಗೋಡೆ ಒಡೆದು, ಮರಳು ಜಲ್ಲಿ ಸುರಿದು ದಂಡೆಯನ್ನು ಮತ್ತೆ ದಂಡೆ ಮಾಡಿದ್ದಾರೆ. ಗೋಡೆ ಕಟ್ಟಲೇಬೇಕಾದರೆ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಅನುಮತಿ ಬೇಕೇ ಬೇಕು. ಅದಕ್ಕೂ ಮುಂಚೆ, ದಂಡೆಯ ಮನೆಯವರಿಗೆ ನೆರವಾಗುವ ‘ಶೋರ್ ಫ್ರೆಂಡ್ಲಿ’ ಕಾರ್ಯಕ್ರಮದವರನ್ನು ಕೇಳಿ, ಕೆಲವು ಕೌಂಟಿಗಳಲ್ಲಿ (ಇಲ್ಲಿನ ಜಿಲ್ಲೆಗಳು) ಪುಕ್ಕಟೆ ಬಂದು ನೋಡುತ್ತಾರೆ. ನಿಮ್ಮದು ಯಾವ ಕೌಂಟಿ, ಮನೆ ಅಂಚಿನಿಂದ ಎಷ್ಟು ದೂರ ಇದೆ?