ಆರು ಗೆಲುವು ಖರೆ, ಒಂದೇ ಕ್ಷೇತ್ರ ಅನ್ನೋದು ಖರೆ ಅಲ್ಲ

ಪದವಿ ಪ್ರಾಜೆಕ್ಟಿಗೆ ಬಿಜೆಪಿಯ ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಅವರನ್ನು ಆರಿಸಿಕೊಂಡಿದ್ದೀರಿ. "ಒಂದೇ ಕ್ಷೇತ್ರದಿಂದ ಆರು ಸಲ ಗೆದ್ದವರು ಏಳನೇ ಸಲ ಪಕ್ಷ ಬದಲಿಸಿ ಸೋತರು. ಹಾಗಾದರೆ ಅವರ ಸ್ವಂತ ಮತ ಎಷ್ಟು ಅಂತ ಲೆಕ್ಕ ಹಾಕೋದು ಹೇಗೆ?" ಅಂತ ಕೇಳಿದ್ದೀರಿ. ಹುಬ್ಬಳ್ಳಿಯಲ್ಲಿ ಕೂತು ಶಾಸಕರ ಗೆಲುವು-ಸೋಲಿನ ಪಟ್ಟಿಗಳನ್ನೇ ಮಾಡುವವನು ನಾನು. ನಿಮ್ಮ ಪ್ರಶ್ನೆ ಓದಿದಾಗ ನನ್ನ ಮೊದಲ ಪಟ್ಟಿಯ ತಲೆಬರಹವನ್ನೇ ಓದಿದಂತಾಯಿತು. ಆ ಪಟ್ಟಿ ಕೆಟ್ಟದ್ದೂ ನಿಮ್ಮ ಪ್ರಶ್ನೆಯಲ್ಲಿರುವ ಅದೇ ಎರಡು ಪದಗಳಿಂದ: "ಒಂದೇ ಕ್ಷೇತ್ರ".

ಶೆಟ್ಟರ್ ಗೆದ್ದದ್ದು 1994, 1999 ಮತ್ತು 2004ರಲ್ಲಿ ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ. 2008, 2013 ಮತ್ತು 2018ರಲ್ಲಿ ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಿಂದ. ಮೂರು ಅಲ್ಲಿ, ಮೂರು ಇಲ್ಲಿ. ಸೋತದ್ದು 2023ರಲ್ಲಿ, ಸೆಂಟ್ರಲ್‌ನಲ್ಲಿ.

ಕಥೆ ಶುರುವಾಗೋದು 1994ಕ್ಕಿಂತ ಹಿಂದೆ, ಅದನ್ನು ಬಿಡಬ್ಯಾಡ್ರಿ. ಬಾದಾಮಿ ತಾಲ್ಲೂಕಿನ ಕೆರೂರಿನಲ್ಲಿ 1955ರ ಡಿಸೆಂಬರ್ 17ರಂದು ಹುಟ್ಟಿದ ಶೆಟ್ಟರ್ ವೃತ್ತಿಯಿಂದ ವಕೀಲರು, ಜನಸಂಘದ (ಬಿಜೆಪಿಯ ಹಿಂದಿನ ರೂಪ) ಮನೆತನದವರು. ತಂದೆ ಎಸ್.ಎಸ್. ಶೆಟ್ಟರ್ ಹುಬ್ಬಳ್ಳಿ-ಧಾರವಾಡ ಪಾಲಿಕೆಯ ಮೇಯರ್ ಆಗಿದ್ದವರು. ತಂದೆಯ ಸಹೋದರ ಸದಾಶಿವ ಶೆಟ್ಟರ್ 1967ರಲ್ಲೇ ಹುಬ್ಬಳ್ಳಿಯಿಂದ ಜನಸಂಘದ ಶಾಸಕರಾಗಿದ್ದರು. 1994ರ ಆಗಸ್ಟ್ 15ರಂದು ಹುಬ್ಬಳ್ಳಿಯ ಈದ್ಗಾ ಮೈದಾನದಲ್ಲಿ ರಾಷ್ಟ್ರಧ್ವಜ ಹಾರಿಸುವ ವಿವಾದದಲ್ಲಿ ಗೋಲಿಬಾರ್ ಆಯಿತು. ಅದಾದ ಕೆಲವೇ ತಿಂಗಳಿಗೆ ವಿಧಾನಸಭೆ ಚುನಾವಣೆ ಬಂತು. ಮನೆತನ, ಪಕ್ಷ, ಊರಿನ ಆಗಿನ ಕಾವು ಮೂರನ್ನೂ ಬದಿಗಿಟ್ಟು "ಹೊಸ ಮುಖ ಗೆದ್ದಿತು" ಅಂತ ಬರೆದರೆ ಓದುವವರಿಗೆ ಏನೂ ತಿಳಿಯೋದಿಲ್ಲ.

ಆ ಚುನಾವಣೆಯಲ್ಲಿ ಅವರ ಎದುರಿಗಿದ್ದವರು ಜನತಾದಳದ ಬಸವರಾಜ ಬೊಮ್ಮಾಯಿ. ಹುಬ್ಬಳ್ಳಿ ಗ್ರಾಮೀಣ ಅಂದರೆ ಬೊಮ್ಮಾಯಿ ಅವರ ತಂದೆ ಎಸ್.ಆರ್. ಬೊಮ್ಮಾಯಿ ಪ್ರತಿನಿಧಿಸಿದ್ದ ಕ್ಷೇತ್ರ. 1988ರಿಂದ 1989ರವರೆಗೆ ಮುಖ್ಯಮಂತ್ರಿಯಾಗಿದ್ದ, ಸರ್ಕಾರದ ಬಹುಮತ ಸದನದಲ್ಲೇ ಸಾಬೀತಾಗಬೇಕು ಎಂಬ 1994ರ ಸುಪ್ರೀಂ ಕೋರ್ಟ್ ತೀರ್ಪಿಗೆ ಹೆಸರು ಕೊಟ್ಟ ಅದೇ ಬೊಮ್ಮಾಯಿ. ಮಗ ಅಲ್ಲಿ ಸೋತರು, ಮುಂದೆ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಹೋದರು, 2008ರಲ್ಲಿ ಬಿಜೆಪಿಗೆ ಬಂದು ಶಿಗ್ಗಾವಿಯಿಂದ ಗೆದ್ದರು. ಒಂದೇ ಕಣದಲ್ಲಿ ಎದುರಾಬದುರಾಗಿದ್ದ ಇಬ್ಬರೂ ಮುಂದೆ ಒಂದೇ ಪಕ್ಷದಿಂದ ಮುಖ್ಯಮಂತ್ರಿಗಳಾದರು: ಶೆಟ್ಟರ್ 2012ರ ಜುಲೈ 12ರಂದು, ಬೊಮ್ಮಾಯಿ 2021ರ ಜುಲೈ 28ರಂದು. ತಾವು ಮುಖ್ಯಮಂತ್ರಿಯಾಗಿದ್ದ ಹಿರಿಯರು ಅಂತ ಹೇಳಿ ಶೆಟ್ಟರ್ ಬೊಮ್ಮಾಯಿ ಸಂಪುಟಕ್ಕೆ ಸೇರಲಿಲ್ಲ. ಈ ಒಂದು ಎಳೆ ಹಿಡಿದರೆ ನಿಮ್ಮ ಅರ್ಧ ಅಧ್ಯಾಯ ತಾನೇ ನಡೀತದ.

ಶೆಟ್ಟರ್ ಅವರ ನಡುವಿನ ಹುದ್ದೆಗಳು ಸರಳ: 1999ರ ನಂತರ ವಿರೋಧ ಪಕ್ಷದ ನಾಯಕ, 2006ರ ಸಮ್ಮಿಶ್ರ ಸರ್ಕಾರದಲ್ಲಿ ಕಂದಾಯ ಸಚಿವ, 2008ರಲ್ಲಿ ವಿಧಾನಸಭೆಯ ಸಭಾಧ್ಯಕ್ಷ, 2009ರ ಕೊನೆಗೆ ಗ್ರಾಮೀಣಾಭಿವೃದ್ಧಿ ಸಚಿವ, 2012ರಿಂದ 2013ರ ಮೇವರೆಗೆ ಮುಖ್ಯಮಂತ್ರಿ, ಆಮೇಲೆ ಮತ್ತೆ ವಿರೋಧ ಪಕ್ಷದ ನಾಯಕ, 2019ರಲ್ಲಿ ಕೈಗಾರಿಕಾ ಸಚಿವ.

ಈಗ ಆ "ಒಂದೇ ಕ್ಷೇತ್ರ" ಎಂಬ ತಪ್ಪಿನ ವಿಷಯ. ಇದನ್ನು ಉದ್ದಕ್ಕೇ ಹೇಳ್ತೀನಿ, ಯಾಕಂದರೆ ಇದೊಂದು ಕೈತಪ್ಪಿದರೆ ಮುಂದಿನ ಲೆಕ್ಕವೆಲ್ಲ ಹಾಳು. 1978ರಿಂದ 2004ರವರೆಗಿನ ವಿಧಾನಸಭೆ ಚುನಾವಣೆಗಳು ಒಂದೇ ಗಡಿಯ ಮೇಲೆ ನಡೆದವು. 2001ರ ಜನಗಣತಿ ಆಧರಿಸಿ ಕ್ಷೇತ್ರ ಪುನರ್ವಿಂಗಡಣೆ ಆಯಿತು, 2008ರ ಚುನಾವಣೆ ಹೊಸ ಗಡಿಯ ಮೇಲೆ ನಡೆಯಿತು. ಹುಬ್ಬಳ್ಳಿ ಗ್ರಾಮೀಣ ಎಂಬ ಕ್ಷೇತ್ರವೇ ಉಳಿಯಲಿಲ್ಲ. ಅವಳಿ ನಗರಕ್ಕೆ 72 ಪೂರ್ವ (ಪರಿಶಿಷ್ಟ ಜಾತಿ ಮೀಸಲು), 73 ಸೆಂಟ್ರಲ್, 74 ಪಶ್ಚಿಮ ಎಂಬ ಮೂರು ಕ್ಷೇತ್ರ ಬಂದವು. ಎಕ್ಸೆಲ್‌ನಲ್ಲಿ 2004ರ ಅಂತರದ ಕೆಳಗೆ 2008ರ ಅಂತರ ತುಂಬಿ, ಎರಡರ ನಡುವೆ ಗೆರೆ ಎಳೆದರೆ ಆ ಗೆರೆ ಏರಿದರೂ ಸುಳ್ಳು, ಇಳಿದರೂ ಸುಳ್ಳು. ಮತದಾರರೇ ಬೇರೆ. ಯಾವ ಹಳ್ಳಿ ಹೊರಗೆ ಹೋಯಿತು, ಯಾವ ಬಡಾವಣೆ ಒಳಗೆ ಬಂತು ಎಂಬುದರ ಪರಿಣಾಮವನ್ನು ನೀವು ನಾಯಕನ ಜನಪ್ರಿಯತೆ ಅಂತ ಬರೆದುಬಿಡ್ತೀರಿ. "ಗೆದ್ದವರು ಅವರೇ ಅಲ್ಲವಾ, ಪಕ್ಷವೂ ಅದೇ ಅಲ್ಲವಾ" ಅನ್ನಬಹುದು. ಅಭ್ಯರ್ಥಿ ಅದೇ, ಪಕ್ಷ ಅದೇ. ಆದರೆ ಮತದಾರರು ಅದೇ ಅಲ್ಲದಿದ್ದರೆ ಹೋಲಿಕೆಗೆ ಬುನಾದಿಯೇ ಇಲ್ಲ.

ಇದನ್ನು ವಾರ್ಡ್ ಹಿಡಿದು ಸರಿಪಡಿಸ್ತೀನಿ ಅಂತಲೂ ಹೊರಡಬ್ಯಾಡ್ರಿ. ಪುನರ್ವಿಂಗಡಣೆ ಆದೇಶದಲ್ಲಿ ನಗರ ಕ್ಷೇತ್ರಗಳ ವಿಸ್ತಾರವನ್ನು ಆಗಿನ ವಾರ್ಡ್ ಸಂಖ್ಯೆಗಳಲ್ಲಿ ಕೊಟ್ಟಿದ್ದಾರೆ. ಪಾಲಿಕೆಯ ವಾರ್ಡ್‌ಗಳು ಆಮೇಲೆ 67ರಿಂದ 82 ಆದವು. ಆದೇಶದಲ್ಲಿರುವ ವಾರ್ಡ್ ಸಂಖ್ಯೆಗೂ ಇವತ್ತಿನ ಅದೇ ಸಂಖ್ಯೆಗೂ ಸಂಬಂಧವಿಲ್ಲ. ಎರಡು ಪ್ರತ್ಯೇಕ ಕೋಷ್ಟಕ ಮಾಡ್ರಿ, ನಡುವೆ "ಗಡಿ ಬದಲು" ಅಂತ ದಪ್ಪ ಅಕ್ಷರದಲ್ಲಿ ಬರೀರಿ, ಎರಡನ್ನೂ ಕೂಡಿಸುವ ಗ್ರಾಫ್ ಹಾಕಬ್ಯಾಡ್ರಿ.

ಗಡಿ ಅದೇ ಇರೋದರಿಂದ ಸೆಂಟ್ರಲ್‌ನ ಅಂಕಿಗಳನ್ನು ಒಂದರ ಪಕ್ಕ ಒಂದು ಇಡಬಹುದು. 2013ರಲ್ಲಿ ಶೆಟ್ಟರ್ 58,201, ಕಾಂಗ್ರೆಸ್ಸಿನ ಮಹೇಶ ನಾಲವಾಡ 40,447, ಅಂತರ 17,754. 2018ರಲ್ಲಿ ಅದೇ ಇಬ್ಬರು: 75,794 ಮತ್ತು 54,488, ಅಂತರ 21,306. 2023ರಲ್ಲಿ ಬಿಜೆಪಿ ಟಿಕೆಟ್ ಸಿಗದೆ ಶೆಟ್ಟರ್ ಕಾಂಗ್ರೆಸ್ಸಿಗೆ ಹೋದರು. ಬಿಜೆಪಿಯ ಮಹೇಶ ಟೆಂಗಿನಕಾಯಿ 95,064 ಪಡೆದರು, ಶೆಟ್ಟರ್ 60,775, ಅಂತರ 34,289.

ಇಲ್ಲೇ ನಿಮ್ಮ "ಸ್ವಂತ ಮತ" ಬಲೆ ಬೀಸ್ತದ. 2018ಕ್ಕೆ ಹೋಲಿಸಿದರೆ ಕಾಂಗ್ರೆಸ್ ಮತ 6,287 ಹೆಚ್ಚಾಗಿದೆ, ಅದೇ ಶೆಟ್ಟರ್ ತಂದ ಮತ ಅಂತ ಬಹಳ ಜನ ಬರೀತಾರೆ. ಅಲ್ಲ. 2018ರಲ್ಲಿ ಕಾಂಗ್ರೆಸ್ಸಿಗೆ ಹಾಕಿದವರಲ್ಲಿ ಎಷ್ಟೋ ಜನ ಬಿಜೆಪಿಯಿಂದ ಬಂದ ನಾಯಕನಿಗೆ ಹಾಕದೇ ಇದ್ದಿರಬಹುದು. ಅಷ್ಟೇ ಜನ ಶೆಟ್ಟರ್ ಹಿಂದೆ ಬಂದಿರಬಹುದು. ಬಂದವರು, ಹೋದವರು, ಹೊಸ ಮತದಾರರು ಎಲ್ಲ ಕಳೆದು ಉಳಿದ ಮೊತ್ತ ಅದು. ಬಿಜೆಪಿ ಮತವೂ ಅದೇ ಅವಧಿಯಲ್ಲಿ 19,270 ಹೆಚ್ಚಾಗಿದೆ. ಈ ಎರಡೂ ಸಂಖ್ಯೆ ಪಕ್ಕಪಕ್ಕ ಇಟ್ಟರೆ ಒಂದು ಮಾತು ಧೈರ್ಯವಾಗಿ ಹೇಳಬಹುದು: ಬಿಜೆಪಿಯ ಮತಗಳು ದೊಡ್ಡ ಪ್ರಮಾಣದಲ್ಲಿ ಅವರ ಹಿಂದೆ ಹೋಗಲಿಲ್ಲ. "ಅವರ ಸ್ವಂತ ಮತ ಇಷ್ಟೇ" ಅಂತ ಒಂದು ಸಂಖ್ಯೆ ಹೇಳಲು ಈ ಅಂಕಿಗಳಿಂದ ಆಗೋದಿಲ್ಲ. ಆ ಅಧ್ಯಾಯವನ್ನು ಕೈಬಿಡ್ರಿ ಅನ್ನೋದೇ ನನ್ನ ಅಭಿಪ್ರಾಯ.

ಅದರ ಬದಲಿಗೆ ನಮೂನೆ 20 ತೆಗೀರಿ. ಬೂತ್‌ವಾರು ಅಂತಿಮ ಫಲಿತಾಂಶದ ಹಾಳೆ ಅದು, ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಸಿಗ್ತದ. ಒಂದೊಂದು ಸಾಲು ಒಂದೊಂದು ಮತಗಟ್ಟೆ, ಒಂದೊಂದು ಕಾಲಂ ಒಬ್ಬೊಬ್ಬ ಅಭ್ಯರ್ಥಿ, ಬಲಗಡೆ ನೋಟಾ ಮತ್ತು ಒಟ್ಟು. ಹೆಚ್ಚಿನವು ಸ್ಕ್ಯಾನ್ ಮಾಡಿದ ಪಿಡಿಎಫ್, ನಕಲು ಮಾಡಿ ಅಂಟಿಸಲು ಬರೋದಿಲ್ಲ, ಕೈಯಿಂದಲೇ ತುಂಬಬೇಕು. ತುಂಬಿದ ಮೇಲೆ ಬೂತ್‌ಗಳ ಮೊತ್ತ ಘೋಷಿತ ಫಲಿತಾಂಶಕ್ಕೆ ತಾಳೆಯಾಗದಿದ್ದರೆ ಗಾಬರಿ ಬ್ಯಾಡ. ಕೊನೆಯ ಹಾಳೆಯಲ್ಲಿ ಅಂಚೆ ಮತಗಳ ಸಾಲು ಬೇರೆ ಇರ್ತದ, ಅದನ್ನು ಕೂಡಿಸಿದಾಗಲೇ ಲೆಕ್ಕ ಕೂಡ್ತದ. ಅದಾದರೂ ಕೂಡದಿದ್ದರೆ ತಪ್ಪು ನೀವು ತುಂಬಿದ್ದರಲ್ಲಿ ಇರೋ ಸಾಧ್ಯತೆಯೇ ಹೆಚ್ಚು. ಪ್ರತಿ ಪುಟದ ಕೆಳಗಿನ ಮೊತ್ತದ ಜತೆ ಹೋಲಿಸಿ ಹುಡುಕ್ರಿ. ಎರಡು ಚುನಾವಣೆಗಳ ಬೂತ್ ಹೋಲಿಸುವಾಗ ಸಂಖ್ಯೆ ನಂಬಬ್ಯಾಡ್ರಿ. ಮತದಾರರು ಹೆಚ್ಚಾದಂತೆ ಬೂತ್ ಒಡೀತಾರೆ, ಮುಂದಿನ ಸಂಖ್ಯೆಗಳೆಲ್ಲ ಸರೀತಾವ. ಶಾಲೆಯ ಹೆಸರು ಮತ್ತು ಕೋಣೆ ಹಿಡಿದು ಜೋಡಿಸ್ರಿ. ಅದೇ ಶಾಲೆಯ ಬೂತ್‌ಗಳನ್ನೆಲ್ಲ ಕೂಡಿಸಿ ಒಂದು ಘಟಕ ಮಾಡಿದರೆ ಇನ್ನೂ ಸುರಕ್ಷಿತ.

ಒಟ್ಟು ಅಂಕಿಗಳಿಗೆ ಚುನಾವಣಾ ಆಯೋಗದ ಸಾಂಖ್ಯಿಕ ವರದಿ ಸಾಕು. ಮತ ಎಣಿಕೆಯ ಮರುದಿನದ ಪತ್ರಿಕೆಯ ಅಂತರವನ್ನು ನೇರ ಎತ್ತಿಕೊಳ್ಳಬ್ಯಾಡ್ರಿ, ಕೆಲವು ಸಲ ಅದು ಕೊನೆಯ ಸುತ್ತಿಗಿಂತ ಮುಂಚಿನ ಅಂಕಿ ಇರ್ತದ. ಹಳೆಯ ವರದಿಗಳಲ್ಲಿ ಕೆಲವು ಸಲ ಮನೆತನದ ಹೆಸರು ಮೊದಲು ಬರ್ತದ, ಹಾಗಾಗಿ ಹೆಸರಿನಿಂದ ಹುಡುಕಿದರೆ ಸಿಗದೇ ಹೋಗಬಹುದು. ಕ್ಷೇತ್ರದ ಪುಟಕ್ಕೇ ಹೋಗ್ರಿ. ಶೇಕಡಾವಾರು ತೆಗೆಯುವಾಗ ಯಾವುದರ ಶೇಕಡಾ ಅಂತ ಬರೀರಿ. ಕರ್ನಾಟಕದ ವಿಧಾನಸಭೆ ಚುನಾವಣೆಯಲ್ಲಿ ನೋಟಾ ಮೊದಲು ಬಂದದ್ದು 2018ರಲ್ಲಿ. 2013ರ ಶೇಕಡಾವನ್ನು ನೋಟಾ ಸೇರಿದ ಮೊತ್ತದಿಂದ ತೆಗೆದ 2018ರ ಶೇಕಡಾಕ್ಕೆ ಹೋಲಿಸಬಾರದು. ಅಭ್ಯರ್ಥಿಗಳು ಸಲ್ಲಿಸುವ ಆಸ್ತಿ, ಪ್ರಕರಣಗಳ ಪ್ರಮಾಣಪತ್ರ (ಅಫಿಡವಿಟ್) ಬೇಕಿದ್ದರೆ 2004ರಿಂದ ಈಚಿನ ಚುನಾವಣೆಗಳಿಗೆ ಮಾತ್ರ ಹುಡುಕ್ರಿ.

ಇನ್ನು ವಿಧಾನ ಪರಿಷತ್ತು. ಶೆಟ್ಟರ್ ಸೋತ ಮರುತಿಂಗಳೇ, 2023ರ ಜೂನ್‌ನಲ್ಲಿ, ಶಾಸಕರಿಂದ ನಡೆಯುವ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಅವಿರೋಧವಾಗಿ ಪರಿಷತ್ತಿಗೆ ಹೋದರು. 2024ರ ಜನವರಿ 25ರಂದು ಅದಕ್ಕೆ ರಾಜೀನಾಮೆ ಕೊಟ್ಟು ಬಿಜೆಪಿಗೆ ಮರಳಿದರು, ಅದೇ ವರ್ಷ ಬೆಳಗಾವಿಯಿಂದ ಲೋಕಸಭೆಗೆ ಗೆದ್ದರು. ಇದನ್ನು "ಏಳನೇ ಗೆಲುವು, ಎಂಟನೇ ಗೆಲುವು" ಅಂತ ಅದೇ ಕಾಲಂನಲ್ಲಿ ಎಣಿಸಬ್ಯಾಡ್ರಿ. ಪರಿಷತ್ತಿನ ಚುನಾವಣೆಯ ರೀತಿಯೇ ಬೇರೆ. ಉದಾಹರಣೆಗೆ, ಬಸವರಾಜ ಹೊರಟ್ಟಿ ಅವರು 1980ರಿಂದ ಸತತ ಎಂಟು ಸಲ, 2022ರವರೆಗೆ, ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಗೆದ್ದಿದ್ದಾರೆ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಸೇರಿದ ಕ್ಷೇತ್ರ ಅದು. ಅಲ್ಲಿ ಮತ ಹಾಕೋದು ಶಿಕ್ಷಕರು ಮಾತ್ರ, ಅಭ್ಯರ್ಥಿಗಳ ಮುಂದೆ 1, 2, 3 ಅಂತ ಪ್ರಾಶಸ್ತ್ಯದ ಅಂಕಿ ಬರೆದು. ಗೆಲ್ಲಲು ಸಿಂಧು ಮತಗಳ ಅರ್ಧಕ್ಕಿಂತ ಹೆಚ್ಚು ಬೇಕು. ಮೊದಲ ಪ್ರಾಶಸ್ತ್ಯದಲ್ಲಿ ಸಿಗದಿದ್ದರೆ ಕೊನೆಯವರನ್ನು ಕೈಬಿಟ್ಟು ಅವರ ಎರಡನೇ ಪ್ರಾಶಸ್ತ್ಯ ಹಂಚ್ತಾರೆ. ಮತದಾರರ ಪಟ್ಟಿಯನ್ನೂ ಪ್ರತಿ ಸಲ ಹೊಸದಾಗಿ ಮಾಡ್ತಾರೆ. ಇದನ್ನೂ ವಿಧಾನಸಭೆಯ ಅಂತರವನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬರೋದಿಲ್ಲ. ಹಾಗಂತ ಪರಿಷತ್ತನ್ನು ಬಿಡಲೂ ಬಾರದು. ಗದಗದ ಎಚ್.ಕೆ. ಪಾಟೀಲರ ಇತಿಹಾಸವನ್ನು 2013ರ ವಿಧಾನಸಭೆ ಗೆಲುವಿನಿಂದ ಶುರು ಮಾಡಿದರೆ, 1984ರಿಂದ ಪದವೀಧರ ಕ್ಷೇತ್ರದಿಂದ ಪರಿಷತ್ತಿನಲ್ಲಿದ್ದ ಎರಡು ದಶಕಗಳೇ ಕಾಣೆಯಾಗ್ತಾವ.

ನಿಮ್ಮ ಗೆಳೆಯರು ಬೇರೆ ಶಾಸಕರ ಮೇಲೆ ಬರೀತಿದ್ದರೆ ಅವರಿಗೂ ಉಪಚುನಾವಣೆಗಳ ವಿಷಯ ಹೇಳ್ರಿ. ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿ ಅವು ಇರೋದಿಲ್ಲ, ಬೇರೆ ಕಡತದಲ್ಲಿ ಹುಡುಕಬೇಕು. ಕುಂದಗೋಳದಲ್ಲಿ 2018ರಲ್ಲಿ ಸಿ.ಎಸ್. ಶಿವಳ್ಳಿ ಗೆದ್ದದ್ದು ಬರೇ 634 ಮತಗಳಿಂದ. ಅವರ ನಿಧನದ ನಂತರ 2019ರ ಮೇನಲ್ಲಿ ಪತ್ನಿ ಕುಸುಮಾ ಶಿವಳ್ಳಿ ಗೆದ್ದರು. ಹಾವೇರಿ ಜಿಲ್ಲೆಯಲ್ಲಿ 2019ರ ಡಿಸೆಂಬರ್‌ನಲ್ಲಿ ಹಿರೇಕೆರೂರು ಮತ್ತು ರಾಣೆಬೆನ್ನೂರು, 2021ರಲ್ಲಿ ಹಾನಗಲ್, ಬೊಮ್ಮಾಯಿ ಹಾವೇರಿ ಸಂಸದರಾದ ಮೇಲೆ 2024ರ ನವೆಂಬರ್‌ನಲ್ಲಿ ಶಿಗ್ಗಾವಿ. ಶಿಗ್ಗಾವಿಯ ಕೋಷ್ಟಕ 2023ಕ್ಕೇ ನಿಂತರೆ ಕ್ಷೇತ್ರ ಇನ್ನೂ ಬೊಮ್ಮಾಯಿ ಮನೆತನದಲ್ಲೇ ಇದೆ ಅಂತ ಓದುಗರು ತಿಳಕೋತಾರೆ. ಆ ಉಪಚುನಾವಣೆಯಲ್ಲಿ ಅವರ ಮಗ ಭರತ್ ಸೋತರು, ಗೆದ್ದವರು ಕಾಂಗ್ರೆಸ್ಸಿನ ಯಾಸಿರ್ ಅಹ್ಮದ್ ಖಾನ್ ಪಠಾಣ್.